ಬಿಳಿಯ ಹಲಗೆಯ ಮೇಲೆ ಅಕ್ಕಸಾಲಿಗನ ಗೆರೆ

ಕಲಾ ಪ್ರದರ್ಶನಗಳಿಗೆ ಹೋಗಿ ಬರುವ ನಮ್ಮ ಸುಶಿಕ್ಷಿತ ಜನರಲ್ಲಿ ಹಳೆಯ ಅನುಮಾನವೊಂದು ಇನ್ನೂ ಉಳಿದುಕೊಂಡಿದೆ. ಭೂದೃಶ್ಯವಿದ್ದರೆ, ಮನುಷ್ಯನ ಮುಖವಿದ್ದರೆ, ಕನಿಷ್ಠ ಪಕ್ಷ ಕಣ್ಣಿಗೆ ಹೊಡೆಯುವ ಬಣ್ಣವಾದರೂ ಇದ್ದರೆ ಅವರು ನಿಂತು ನೋಡುತ್ತಾರೆ. ಏನೂ ಇಲ್ಲದಂತೆ ತೋರುವ ಬಿಳಿಯ ಹಲಗೆಯೊಂದು ಗೋಡೆಯ ಮೇಲಿದ್ದರೆ ‘ಇದರಲ್ಲಿ ಏನಿದೆ?’ ಎಂದು ಕೇಳಿ ಮುಂದೆ ಹೋಗುತ್ತಾರೆ. ಈ ಪ್ರಶ್ನೆ ಅಸಭ್ಯವಾದದ್ದೇನೂ ಅಲ್ಲ, ಉತ್ತರಕ್ಕೆ ಯೋಗ್ಯವಾದದ್ದೇ. ಆದರೆ ಅದನ್ನು ಕೇಳಿದವರು ಉತ್ತರಕ್ಕಾಗಿ ಎರಡು ನಿಮಿಷ ಕಾಯುವುದಿಲ್ಲ ಎಂಬುದೇ ತೊಂದರೆ. ಬೆಂಗಳೂರಿನಲ್ಲೇ ಹುಟ್ಟಿ, ಬೆಂಗಳೂರಿನಲ್ಲೇ ಕಲಿತು, ಇಲ್ಲಿಯೇ ಕೆಲಸ ಮಾಡುತ್ತಿರುವ ಕಲಾವಿದೆಯೊಬ್ಬರ ಕೃತಿಗಳ ಮುಂದೆ ಆ ಎರಡು ನಿಮಿಷ ನಿಂತರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಅಷ್ಟೇ ಅಲ್ಲ, ನಮ್ಮ ನಗರ ಸದ್ದಿಲ್ಲದೆ ಕಳೆದುಕೊಳ್ಳುತ್ತಿರುವ ಕಸುಬೊಂದರ ಲೆಕ್ಕವೂ ಸಿಗುತ್ತದೆ.

ಪ್ರಭಾವತಿ ಮೇಪ್ಪಯಿಲ್ ಹುಟ್ಟಿದ್ದು 1965ರಲ್ಲಿ, ಅಕ್ಕಸಾಲಿಗರ ಕುಟುಂಬದಲ್ಲಿ. ಅವರ ತಂದೆ ಚಿನ್ನದ ಕೆಲಸ ಮಾಡುತ್ತಿದ್ದವರು. ಮಗಳು ಆ ಕಸುಬನ್ನು ಮುಂದುವರಿಸಲಿಲ್ಲ, ಬಿಟ್ಟುಕೊಡಲೂ ಇಲ್ಲ. ಕುಲುಮೆಯ ಬದಿಯಲ್ಲಿರಬೇಕಾದ ತಂತಿಯನ್ನೂ ಉಪಕರಣವನ್ನೂ ಅವರು ಚಿತ್ರಶಾಲೆಗೆ ತಂದರು. ಇಂದು ಅಮೂರ್ತ ಕಲೆಯ ಬಗ್ಗೆ, ಅದರಲ್ಲಿಯೂ ಕನಿಷ್ಠ ಸಾಮಗ್ರಿ, ಕನಿಷ್ಠ ಗೆರೆ, ಕನಿಷ್ಠ ಬಣ್ಣದ ಮಿನಿಮಲಿಸ್ಟ್ ಪಂಥದ ಬಗ್ಗೆ ಭಾರತದಲ್ಲಿ ಚರ್ಚೆ ನಡೆದಾಗ ಅವರ ಹೆಸರು ಬಾರದೆ ಇರುವುದಿಲ್ಲ. ಆದರೆ ಈ ಊರಿನ ಎಷ್ಟು ಮಂದಿಗೆ ಆ ಹೆಸರು ಗೊತ್ತು?

ಅವರ ಕೃತಿಗಳನ್ನು ದೂರದಿಂದ ನೋಡಿದರೆ ಕಾಣುವುದು ಬರೀ ಬಿಳುಪು. ಹತ್ತಿರ ಹೋದಂತೆ ಆ ಬಿಳುಪಿನ ಒಳಗಿನಿಂದ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಕೆಲವು ಕಡೆ ಹೊಳೆಯುತ್ತವೆ, ಕೆಲವು ಕಡೆ ಮತ್ತೆ ಬಿಳುಪಿನೊಳಗೆ ಮುಳುಗಿಹೋಗುತ್ತವೆ. ಇವು ಪೆನ್ಸಿಲಿನಿಂದಲೋ ಕುಂಚದಿಂದಲೋ ಎಳೆದ ಗೆರೆಗಳಲ್ಲ. ನಿಜವಾದ ತಾಮ್ರದ, ಕೆಲವೊಮ್ಮೆ ಬೆಳ್ಳಿಯ ಅಥವಾ ಚಿನ್ನದ ತಂತಿಗಳು. ಸೀಮೆಸುಣ್ಣದ ಪುಡಿಯನ್ನು ಪ್ರಾಣಿಜನ್ಯ ಅಂಟಿನೊಂದಿಗೆ ಕಲಸಿ ಮಾಡುವ ಜೆಸ್ಸೊ ಎಂಬ ಲೇಪವನ್ನು ಹಲಗೆಯ ಮೇಲೆ ಪದರದ ಮೇಲೆ ಪದರವಾಗಿ ಬಳಿಯಲಾಗುತ್ತದೆ. ತಂತಿ ಆ ಪದರಗಳ ನಡುವೆ ಹುದುಗುತ್ತದೆ. ಬಳಿಕ ಮೇಲ್ಮೈಯನ್ನು ಉಜ್ಜುತ್ತಾ ಹೋದಂತೆ ಲೋಹ ಅಷ್ಟಷ್ಟೇ ಹೊರಗೆ ಕಾಣಿಸಿಕೊಳ್ಳುತ್ತದೆ. ಅಂದರೆ ಇಲ್ಲಿ ಗೆರೆಯನ್ನು ಬರೆಯುವುದಿಲ್ಲ, ಹೂಳಿ ಮತ್ತೆ ಹುಡುಕಿ ತೆಗೆಯಲಾಗುತ್ತದೆ.

ಇನ್ನೊಂದು ಬಗೆಯ ಕೃತಿಗಳಲ್ಲಿ ತಂತಿಯೂ ಇಲ್ಲ. ಅಕ್ಕಸಾಲಿಗರು ಬಳೆಗಳ ಮೇಲೆ ವಿನ್ಯಾಸ ಮೂಡಿಸಲು ಬಳಸುವ, ಉಳಿಯನ್ನು ಹೋಲುವ ‘ತಿನ್ನಂ’ ಎಂಬ ಸಣ್ಣ ಉಪಕರಣದಿಂದ ಬಿಳಿಯ ಲೇಪದ ಮೇಲೆ ಒಂದೇ ಬಗೆಯ ಗುರುತನ್ನು ಸಾವಿರಾರು ಸಲ ಒತ್ತಲಾಗಿದೆ. ಬಳೆಯ ಮೇಲೆ ಹೂವೋ ಬಳ್ಳಿಯೋ ಆಗಬೇಕಾಗಿದ್ದ ಪೆಟ್ಟು ಇಲ್ಲಿ ಕೇವಲ ಪೆಟ್ಟಾಗಿಯೇ ಉಳಿದಿದೆ. ಸಾಲು ಸಾಲಾಗಿ ಬಿದ್ದ ಆ ಗುರುತುಗಳಲ್ಲಿ ಒಂದು ಇನ್ನೊಂದರಂತೆ ಇರುವುದಿಲ್ಲ. ಕೈಯ ಒತ್ತಡ ಎಲ್ಲಿ ಹೆಚ್ಚಿತು, ಎಲ್ಲಿ ತಗ್ಗಿತು ಎಂಬುದನ್ನು ಬೆಳಕು ಓರೆಯಾಗಿ ಬಿದ್ದಾಗ ಓದಬಹುದು. ಕೃತಿಗಳಿಗೆ ಹೆಸರುಗಳಿಲ್ಲ; ಅಕ್ಷರ ಮತ್ತು ಸಂಖ್ಯೆಗಳ ಸಂಕೇತಗಳಷ್ಟೇ ಇವೆ. ನೋಡುವವನ ಕೈಗೆ ಕಥೆಯನ್ನು ಕೊಡಲು ಕಲಾವಿದೆ ಒಪ್ಪುವುದಿಲ್ಲ.

ಹಲಸೂರಿನಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ನನಗೆ ಈ ಗೆರೆಗಳ ಮೂಲವನ್ನು ನೋಡಲು ಬಹಳ ದೂರ ಹೋಗಬೇಕಾಗಿರಲಿಲ್ಲ. ಶಿವಾಜಿನಗರದ ಕಮರ್ಷಿಯಲ್ ಸ್ಟ್ರೀಟಿಗೆ ಹೊಂದಿಕೊಂಡೇ ಜ್ಯುವೆಲರ್ಸ್ ಸ್ಟ್ರೀಟ್ ಇದೆ. 1809ರಲ್ಲಿ ದಂಡು ಪ್ರದೇಶ ರೂಪುಗೊಂಡ ಮೇಲೆ ಸೈನ್ಯದ ಬೆನ್ನಿಗೇ ಬಂದ ವರ್ತಕರು, ಕುಶಲಕರ್ಮಿಗಳು ಇಲ್ಲಿ ಬೀಡುಬಿಟ್ಟರು. 1949ರಲ್ಲಿ ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಯ ಅಡಿಯಲ್ಲಿ ಬಂದವು. ಆದರೂ ಪೇಟೆಯ ಚಿನ್ನದ ಕೆಲಸದ ಗಲ್ಲಿಗಳು ಬೇರೆ, ದಂಡಿನ ಗಲ್ಲಿಗಳು ಬೇರೆ ಎಂಬ ಭಾವ ಹಳಬರಲ್ಲಿ ಇಂದಿಗೂ ಇದೆ. ಗಾಜಿನ ಹಿಂದೆ ಝಗಝಗಿಸುವ ಅಂಗಡಿಗಳ ಮಹಡಿ ಹತ್ತಿದರೆ, ಹಿಂಬದಿಯ ಇಕ್ಕಟ್ಟಾದ ಕೋಣೆಗಳಲ್ಲಿ ತಗ್ಗು ಮೇಜಿನ ಮುಂದೆ ಬೆನ್ನು ಬಾಗಿಸಿ ಕುಳಿತ ಕೆಲಸಗಾರರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ.

ತಂತಿ ಎಳೆಯುವುದು ಆ ಕಸುಬಿನ ಮೊದಲ ಪಾಠ. ಕರಗಿಸಿ ಎರಕ ಹೊಯ್ದ ಸಣ್ಣ ಕಡ್ಡಿಯನ್ನು ಅಡಿಗಲ್ಲಿನ ಮೇಲೆ ಬಡಿದು ಉದ್ದ ಮಾಡಿ, ತುದಿಯನ್ನು ಅರದಿಂದ ಚೂಪು ಮಾಡಿ, ಸಾಲಾಗಿ ತೂತುಗಳಿರುವ ಉಕ್ಕಿನ ಪಟ್ಟಿಯೊಳಗೆ ತೂರಿಸಿ ಇಕ್ಕಳದಿಂದ ಎಳೆಯಬೇಕು. ದೊಡ್ಡ ತೂತಿನಿಂದ ಸಣ್ಣದಕ್ಕೆ, ಅದಕ್ಕಿಂತ ಸಣ್ಣದಕ್ಕೆ. ಎಳೆದಂತೆಲ್ಲ ಲೋಹ ಬಿರುಸಾಗುತ್ತದೆ. ನಡುನಡುವೆ ಬೆಂಕಿಗೆ ಹಿಡಿದು ಮೆದುಗೊಳಿಸದಿದ್ದರೆ ತುಂಡಾಗುತ್ತದೆ. ಎಷ್ಟು ಕಾಯಿಸಬೇಕು, ಎಷ್ಟು ಬಲ ಹಾಕಬೇಕು ಎಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ, ಅದು ಮಣಿಕಟ್ಟಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಕಿವಿಯೋಲೆಯ ದುರಸ್ತಿಗೆಂದು ಹೋದಾಗ ವಯಸ್ಸಾದ ಕೆಲಸಗಾರರೊಬ್ಬರನ್ನು ‘ಆಚಾರ್ರೇ, ಈಗ ತಂತಿ ನೀವೇ ಎಳೀತೀರಾ?’ ಎಂದು ಕೇಳಿದೆ. ಅವರು ನಕ್ಕು, ‘ಎಲ್ಲಿ ಸಾರ್, ಈಗ ಸುರುಳಿ ಸುರುಳಿಯಾಗಿ ರೆಡಿ ಬರುತ್ತೆ. ಎಳೆಯೋ ಕೈ ನಮ್ಮ ಜೊತೆಗೇ ಮುಗೀತು’ ಎಂದರು. ಅವರ ಮಗ ಕಂಪ್ಯೂಟರ್ ಕಲಿತು ಬೇರೆ ಕೆಲಸದಲ್ಲಿದ್ದಾನೆ. ಅದರಲ್ಲಿ ಅವರಿಗೆ ದುಃಖವಿರಲಿಲ್ಲ, ಸಮಾಧಾನವೇ ಇತ್ತು.

ಈ ಕಸುಬಿನ ಇಳಿಗಾಲಕ್ಕೆ ಯಂತ್ರವೊಂದೇ ಕಾರಣವಲ್ಲ. 1963ರ ಜನವರಿಯಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳನ್ನು ಹಿರಿಯ ಓದುಗರು ಮರೆತಿರಲಾರರು. ಚೀನಾ ಯುದ್ಧದ ನಂತರ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿದ್ದ ಸರ್ಕಾರ, ಹಣಕಾಸು ಸಚಿವ ಮೊರಾರ್ಜಿ ದೇಸಾಯಿಯವರ ನೇತೃತ್ವದಲ್ಲಿ, 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಆಭರಣ ತಯಾರಿಕೆಯನ್ನೇ ನಿಷೇಧಿಸಿತು. 14 ಕ್ಯಾರೆಟ್ ಚಿನ್ನ ಗಡುಸು. 22 ಕ್ಯಾರೆಟ್‌ಗೆ ಒಗ್ಗಿದ ಕೈಗೂ ಉಪಕರಣಕ್ಕೂ ಅದು ಬಗ್ಗುವುದಿಲ್ಲ, ಗಿರಾಕಿಯ ಮನಸ್ಸಿಗೂ ಒಪ್ಪುವುದಿಲ್ಲ. ದೇಶದಾದ್ಯಂತ ಲಕ್ಷಾಂತರ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. ಆ ಮಿತಿ ಮುಂದೆ ಸಡಿಲವಾಯಿತಾದರೂ 1968ರ ಚಿನ್ನ ನಿಯಂತ್ರಣ ಕಾಯಿದೆ ರದ್ದಾಗಲು 1990ರವರೆಗೆ ಕಾಯಬೇಕಾಯಿತು. ಪ್ರಭಾವತಿಯವರ ಬಾಲ್ಯ, ವಿದ್ಯಾಭ್ಯಾಸಗಳ ಕಾಲವೆಲ್ಲ ಈ ನಿಯಂತ್ರಣದ ನೆರಳಿನಲ್ಲಿ ಇಡೀ ಕಸುಬು ಬದುಕಿದ ಕಾಲ. ಕಾಯಿದೆ ಹೋದ ಮೇಲೆ ಎರಕದ ಅಚ್ಚುಗಳು, ಯಂತ್ರದ ಸರಗಳು, ಕಂಪ್ಯೂಟರ್ ವಿನ್ಯಾಸ, ಬಹುಶಾಖೆಗಳ ದೊಡ್ಡ ಮಳಿಗೆಗಳು ಒಂದರ ಹಿಂದೆ ಒಂದು ಬಂದವು. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದದ್ದು ಗ್ರಾಹಕನಿಗೆ ಒಳ್ಳೆಯದೇ. ಆದರೆ ‘ನಮ್ಮ ಆಚಾರ್ರು’ ಎಂಬ ನಂಬಿಕೆಯ ಮೇಲೆ ನಿಂತಿದ್ದ ಒಬ್ಬಂಟಿ ಕೆಲಸಗಾರನ ಆಸರೆ ಇನ್ನಷ್ಟು ಸಡಿಲವಾಯಿತು.

ಚಿತ್ರಕಲೆಯನ್ನು ಪ್ರಭಾವತಿ ಕಲಿತದ್ದು ಕೆನ್ ಕಲಾಶಾಲೆಯಲ್ಲಿ. ಬಾದಾಮಿ ಕಡೆಯಿಂದ ಬಂದ ಆರ್.ಎಂ. ಹಡಪದ್ ಮೇಷ್ಟರು 1960ರ ದಶಕದಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಈ ಶಾಲೆಯ ಋಣ ಕರ್ನಾಟಕದ ಸಮಕಾಲೀನ ಕಲೆಯ ಮೇಲೆ ಬಹಳ ದೊಡ್ಡದು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಕೂಡ ಮೊದಲು ಕಲಿತದ್ದು ಇಲ್ಲಿಯೇ. ಪ್ರಭಾವತಿ ಕಲಾವಿದೆಯಾಗಿ ರೂಪುಗೊಂಡ 1990ರ ದಶಕ ಬೆಂಗಳೂರಿನ ಕಲಾವಲಯಕ್ಕೆ ಒಂದು ಮಹತ್ತರ ತಿರುವಿನ ಕಾಲ. ಶೀಲಾ ಗೌಡ ಕ್ಯಾನ್‌ವಾಸ್ ಮತ್ತು ತೈಲವರ್ಣವನ್ನು ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಬಳಿಕ ಸೂಜಿಗಳಿಗೆ ದಾರ ಪೋಣಿಸಿ, ಆ ದಾರಗಳಿಗೆ ಕುಂಕುಮ ಬಳಿದು ಉದ್ದನೆಯ ಹಗ್ಗಗಳನ್ನಾಗಿ ಮಾಡಿದರು. ಕಲೆಯ ಸಾಮಗ್ರಿ ಅಂಗಡಿಯಿಂದ ಬರಬೇಕಾಗಿಲ್ಲ, ಹಿತ್ತಲಿನಿಂದಲೂ ಬರಬಹುದು, ಬದುಕಿನಿಂದಲೂ ಬರಬಹುದು ಎಂಬ ಅರಿವು ಆಗ ಈ ನಗರದಲ್ಲಿ ಗಟ್ಟಿಯಾಗುತ್ತಿತ್ತು. ಅಕ್ಕಸಾಲಿಗನ ತಂತಿ ಚಿತ್ರದ ಗೆರೆಯಾದದ್ದನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅದು ಒಬ್ಬರ ಏಕಾಂತದ ಪ್ರಯೋಗವಷ್ಟೇ ಅಲ್ಲ, ಒಂದು ತಲೆಮಾರಿನ ಹುಡುಕಾಟದ ಭಾಗವೂ ಹೌದು ಎಂದು ನನಗೆ ಅನ್ನಿಸುತ್ತದೆ.

ಜಗತ್ತಿನ ಕಲೆಯಲ್ಲಿ ಈ ಮಿತವ್ಯಯದ ಹಾದಿ ಹೊಸದಲ್ಲ. ರಷ್ಯಾದ ಕಸಿಮಿರ್ ಮಾಲೆವಿಚ್ 1918ರಲ್ಲೇ ಬಿಳಿಯ ಮೇಲೆ ಬಿಳಿಯ ಚೌಕವನ್ನು ಬರೆದ. 1960ರ ದಶಕದ ನ್ಯೂಯಾರ್ಕಿನಲ್ಲಿ ಡೊನಾಲ್ಡ್ ಜಡ್, ಕಾರ್ಲ್ ಆಂದ್ರೆ ಮೊದಲಾದವರು ಕಲಾವಿದನ ಕೈಯ ಗುರುತನ್ನೇ ಅಳಿಸಿಹಾಕಿದರು. ಜಡ್ ತನ್ನ ಲೋಹದ ಪೆಟ್ಟಿಗೆಗಳನ್ನು ಕಾರ್ಖಾನೆಯಲ್ಲಿ ಮಾಡಿಸಿದ. ಆಂದ್ರೆ 120 ಇಟ್ಟಿಗೆಗಳನ್ನು ನೆಲದ ಮೇಲೆ ಆಯತಾಕಾರದಲ್ಲಿ ಜೋಡಿಸಿದ. ಲಂಡನ್ನಿನ ಟೇಟ್ ಸಂಗ್ರಹಾಲಯ ಆ ಇಟ್ಟಿಗೆಗಳನ್ನು ಕೊಂಡ ಸಂಗತಿ 1976ರಲ್ಲಿ ಪತ್ರಿಕೆಗಳಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ‘ಇದರಲ್ಲಿ ಏನಿದೆ?’ ಎಂದು ಕೇಳುವವರು ನಾವು ಮಾತ್ರವಲ್ಲ! ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಮೆರಿಕದವರು ಸರಳತೆಯನ್ನು ಅರಸಿ ಕೈಯಿಂದ ಕಾರ್ಖಾನೆಯ ಕಡೆಗೆ ಹೋದರು. ಬೆಂಗಳೂರಿನ ಈ ಕಲಾವಿದೆ ಕಾರ್ಖಾನೆ ನುಂಗಿಹಾಕುತ್ತಿರುವ ಕೈಗೆಲಸದ ಕಡೆಗೆ ಮರಳಿದರು. ಹೊರಗಿನಿಂದ ನೋಡಲು ಎರಡೂ ಒಂದೇ ಬಗೆಯ ಮೌನ; ಒಳಗಿನ ಅರ್ಥ ತದ್ವಿರುದ್ಧ.

ನಮ್ಮ ದೇಶದಲ್ಲಿಯೂ ಅವರಿಗೆ ಹಿರಿಯರಿದ್ದಾರೆ. ಕರಾಚಿಯಲ್ಲಿ 1937ರಲ್ಲಿ ಹುಟ್ಟಿ, 1972ರಿಂದ ಬರೋಡಾದಲ್ಲಿ ಪಾಠ ಹೇಳಿದ ನಸ್ರೀನ್ ಮೊಹಮದಿ ಇಂಜಿನಿಯರುಗಳು ಬಳಸುವ ಅಳತೆಪಟ್ಟಿ, ಪೆನ್ನುಗಳಿಂದ ಕಾಗದದ ಮೇಲೆ ಅತ್ಯಂತ ಕರಾರುವಾಕ್ಕಾದ ಗೆರೆಗಳನ್ನೆಳೆದರು. ನರಸಂಬಂಧಿ ಕಾಯಿಲೆ ಕೈಯ ಹಿಡಿತವನ್ನು ಕಸಿಯುತ್ತಿದ್ದಾಗಲೂ ಆ ಗೆರೆಗಳು ಅಲುಗಲಿಲ್ಲ. 1990ರಲ್ಲಿ ತೀರಿಕೊಂಡ ಅವರ ಕೃತಿಗಳಿಂದಲೇ ನ್ಯೂಯಾರ್ಕಿನ ಮೆಟ್ ಬ್ರೂಯರ್ 2016ರಲ್ಲಿ ತನ್ನ ಬಾಗಿಲು ತೆರೆಯಿತು. ವಿ.ಎಸ್. ಗಾಯತೊಂಡೆಯವರ ಕಥೆಯೂ ಹೀಗೆಯೇ. 2001ರಲ್ಲಿ ಅವರು ದೆಹಲಿಯಲ್ಲಿ ನಿಧನರಾದಾಗ ಅದು ದೊಡ್ಡ ಸುದ್ದಿಯಾಗಲಿಲ್ಲ. 2013ರಲ್ಲಿ ಅವರ ಚಿತ್ರವೊಂದು 23.7 ಕೋಟಿ ರೂಪಾಯಿಗೆ ಹರಾಜಾದಾಗ ಸುದ್ದಿಯಾಯಿತು. ನಮ್ಮಲ್ಲಿ ಮೌನದ ಕಲೆಗೆ ಮನ್ನಣೆ ಬರುವುದು ಎರಡೇ ದಾರಿಯಲ್ಲಿ: ಒಂದು ಸಾವು, ಇನ್ನೊಂದು ಬೆಲೆ.

ಪ್ರಭಾವತಿಯವರ ವಿಷಯದಲ್ಲಿ ಹೊರಗಿನ ಜಗತ್ತು ಅಷ್ಟು ತಡಮಾಡಲಿಲ್ಲ ಎಂಬುದು ಸಮಾಧಾನದ ಸಂಗತಿ. 2003ರಲ್ಲಿ ಆರಂಭವಾಗಿ, ದಂಡು ಪ್ರದೇಶದ ಹಳೆಯ ಬಂಗಲೆಗಳ ನಡುವೆ ಲ್ಯಾಂಗ್‌ಫರ್ಡ್ ಟೌನಿನಲ್ಲಿ ನೆಲೆ ಕಂಡ ಗ್ಯಾಲರಿ ಎಸ್‌ಕೆಇ ಅವರ ಕೃತಿಗಳನ್ನು ಈ ಊರಿನಲ್ಲಿ ಪ್ರದರ್ಶಿಸಿತು. 2013ರ ವೆನಿಸ್ ಬಿನಾಲೆಯ ಮುಖ್ಯ ಪ್ರದರ್ಶನದಲ್ಲಿ ಅವರ ಕೃತಿಗಳಿಗೆ ಜಾಗ ದೊರೆಯಿತು; 2014ರಲ್ಲಿ ಲಂಡನ್ನಿನ ಪೇಸ್ ಗ್ಯಾಲರಿಯಲ್ಲಿ ಏಕವ್ಯಕ್ತಿ ಪ್ರದರ್ಶನ ನಡೆಯಿತು. ಪಾಶ್ಚಾತ್ಯ ವಿಮರ್ಶಕರು ಅವರನ್ನು ತಮ್ಮ ಮಿನಿಮಲಿಸ್ಟರ ಸಾಲಿನಲ್ಲಿಟ್ಟು ಓದಿದರು. ಅದು ಅವರಿಗೆ ಸಹಜ.

ಆದರೆ ನಾವು ಹಾಗೆಯೇ ಓದಬೇಕಾಗಿಲ್ಲ. ಜೆಸ್ಸೊ ಎಂಬ ಹೆಸರು ಇಟಲಿಯದಾದರೂ ಅಂಥ ಲೇಪ ನಮಗೆ ಅಪರಿಚಿತವಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ದೇವರ ಕಿರೀಟ, ಹಾರ, ಒಡವೆಗಳನ್ನು ತುಸು ಉಬ್ಬಿಸಿ ಮೇಲೆ ಚಿನ್ನದ ರೇಕು ಅಂಟಿಸಲು ನಮ್ಮ ಚಿತ್ರಗಾರರು ಬಿಳಿಯ ಪುಡಿ ಮತ್ತು ಅಂಟಿನ ಇಂಥದೇ ಲೇಪವನ್ನು ಬಳಸುತ್ತಿದ್ದರು. ಆ ಪರಂಪರೆಯ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರ (1886–1965) ಪ್ಲಾಸ್ಟರ್ ಉಬ್ಬುಶಿಲ್ಪಗಳನ್ನು ಕಸ್ತೂರಬಾ ರಸ್ತೆಯ ಅವರ ಹೆಸರಿನ ಗ್ಯಾಲರಿಯಲ್ಲಿ ನೋಡಿದವರಿಗೆ, ಬಿಳಿಯೊಂದೇ ನೆರಳು ಬೆಳಕಿನ ಆಟದಿಂದ ಎಷ್ಟು ಹೇಳಬಲ್ಲದು ಎಂಬುದು ಗೊತ್ತು. ಮೈಸೂರು ಚಿತ್ರದಲ್ಲಿ ಲೇಪ ಕೆಳಗೆ, ಚಿನ್ನ ಮೇಲೆ. ಪ್ರಭಾವತಿಯವರ ಹಲಗೆಯಲ್ಲಿ ಲೋಹ ಕೆಳಗೆ, ಲೇಪ ಮೇಲೆ. ಒಡವೆಯನ್ನು ಮೆರೆಸಲೆಂದು ಇದ್ದ ಬಿಳುಪು ಇಲ್ಲಿ ಒಡವೆಯನ್ನು ಒಳಗಿಟ್ಟುಕೊಂಡು ಕಾಯುತ್ತದೆ.

ಇನ್ನೊಂದು ಸುಲಭದ ಓದಿನ ಬಗ್ಗೆಯೂ ಎಚ್ಚರ ಬೇಕು. ಭಾರತೀಯರು ಬಿಳಿಯ ಹಲಗೆಯನ್ನು ತೋರಿಸಿದ ಕೂಡಲೇ ಅದಕ್ಕೆ ‘ಧ್ಯಾನ’, ‘ಶೂನ್ಯ’, ‘ಬಯಲು’ ಎಂಬ ಹೆಸರುಗಳನ್ನು ಹಚ್ಚುವ ಚಾಳಿ ಹೊರಗಿನವರಿಗೂ ಇದೆ, ನಮಗೂ ಇದೆ. ಬಯಲು ವಚನಕಾರರು ಕೊಟ್ಟ ಬಹು ದೊಡ್ಡ ಮಾತು. ಅದನ್ನು ಪ್ರತಿ ಖಾಲಿ ಗೋಡೆಗೂ ಬಳಸಿ ಸವೆಸಬಾರದು. ಅದೇ ವಚನಕಾರರು ಕಾಯಕ ಎಂಬ ಇನ್ನೊಂದು ಮಾತನ್ನೂ ಕೊಟ್ಟಿದ್ದಾರೆ. ಈ ಕೃತಿಗಳ ಮುಂದೆ ನನಗೆ ಹೆಚ್ಚು ಸರಿ ಎನಿಸುವುದು ಆ ಎರಡನೆಯ ಮಾತೇ. ಪದರದ ಮೇಲೆ ಪದರ ಬಳಿದು, ಒಣಗಿಸಿ, ಉಜ್ಜಿ, ಮತ್ತೆ ಬಳಿದ ದಿನಗಳು ಆ ಮೇಲ್ಮೈಯಲ್ಲಿವೆ. ಅದು ದುಡಿಮೆಯ ಮೌನ. ಕೆಲಸದಲ್ಲಿ ಮುಳುಗಿದ ಮನುಷ್ಯ ಮಾತಾಡುವುದಿಲ್ಲವಲ್ಲ, ಆ ಮೌನ.

ಅಕ್ಕಸಾಲಿಗರ ಮನೆಗಳಲ್ಲಿ ಕಸುಬು ಸಾಮಾನ್ಯವಾಗಿ ತಂದೆಯಿಂದ ಮಗನಿಗೆ ಬರುತ್ತಿತ್ತು. ಹೆಣ್ಣುಮಕ್ಕಳು ಒಡವೆ ತೊಟ್ಟರೇ ಹೊರತು ಕುಲುಮೆಯ ಮುಂದೆ ಕುಳಿತದ್ದು ಅಪರೂಪ. ಗಂಡುಮಕ್ಕಳೂ ಆ ಮೇಜನ್ನು ಬಿಟ್ಟೇಳುತ್ತಿರುವ ಈ ಹೊತ್ತಿನಲ್ಲಿ, ಅದರ ಉಪಕರಣಗಳಿಗೆ ಹೊಸ ಬಾಳು ಕೊಟ್ಟದ್ದು ಒಬ್ಬ ಮಗಳು ಎಂಬುದನ್ನು ನಾವು ಗುರುತಿಸಬೇಕು. ಕಲಾವಿದರ ಬಗ್ಗೆ ಬರೆಯುವಾಗ ಅವರು ಬಿಟ್ಟುಹೋಗುವ ಪರಂಪರೆಯನ್ನು ಲೆಕ್ಕಹಾಕುವುದು ವಾಡಿಕೆ. ಇನ್ನೂ ಕೆಲಸ ಮಾಡುತ್ತಿರುವವರ ಬಗ್ಗೆ ಆ ಲೆಕ್ಕ ಅಕಾಲಿಕ. ಆದರೆ ಅವರು ಪಡೆದುಕೊಂಡ ಪರಂಪರೆಯ ಲೆಕ್ಕವನ್ನು ಈಗಲೇ ಹಾಕದಿದ್ದರೆ, ನಾಳೆ ಆ ಗೆರೆಗಳು ಎಲ್ಲಿಂದ ಬಂದವು ಎಂದು ತೋರಿಸಲು ಒಂದು ಮೇಜೂ ಉಳಿದಿರುವುದಿಲ್ಲ.

ಆಭರಣದ ಅಂಗಡಿಯಲ್ಲಿ ನಾವು ಚೌಕಾಸಿ ಮಾಡುವುದು ಯಾವುದರ ಬಗ್ಗೆ? ಚಿನ್ನದ ದರದ ಬಗ್ಗೆ ಅಲ್ಲ. ಅದನ್ನು ಮಾರುಕಟ್ಟೆ ನಿರ್ಧರಿಸುತ್ತದೆ. ನಾವು ಎಳೆದಾಡುವುದು ‘ವೇಸ್ಟೇಜ್’ ಮತ್ತು ‘ಮೇಕಿಂಗ್ ಚಾರ್ಜ್’ ಬಗ್ಗೆ. ತೂಕಕ್ಕೆ ಮರುಮಾತಿಲ್ಲದೆ ಹಣ ಕೊಡುತ್ತೇವೆ, ಕೈಗೆ ಕೊಡುವಾಗ ಮಾತ್ರ ಕೈ ಹಿಂದೆಗೆಯುತ್ತೇವೆ. ಪ್ರಭಾವತಿಯವರ ಬಿಳಿಯ ಹಲಗೆ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅದರಲ್ಲಿರುವ ಲೋಹದ ತೂಕ ಹೇಳಿಕೊಳ್ಳುವಷ್ಟಿಲ್ಲ; ಇರುವುದೆಲ್ಲ ಕೈಯೇ. ‘ಇದರಲ್ಲಿ ಏನಿದೆ?’ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ನಾವು ಬಿಲ್ಲಿನಲ್ಲಿ ಕಡಿಮೆ ಮಾಡಿ ಎಂದು ಕೇಳುವ ಆ ಬಾಬ್ತು ಇದೆ.

ಬೆಂಗಳೂರಿನಲ್ಲಿ ಈಗ ಕಲೆಗೆ ಸ್ಥಳಗಳ ಕೊರತೆಯಿಲ್ಲ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಬಂತು. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಮ್ಯಾಪ್ ಸಂಗ್ರಹಾಲಯ ತೆರೆಯಿತು. ಈ ಸಂಸ್ಥೆಗಳಲ್ಲಿ ಯಾವುದಾದರೂ ಒಂದು, ಇಲ್ಲವೇ ನಮ್ಮ ಲಲಿತಕಲಾ ಅಕಾಡೆಮಿ, ಮನಸ್ಸು ಮಾಡಿದರೆ ಕಷ್ಟವಲ್ಲದ ಕೆಲಸವೊಂದಿದೆ. ಜ್ಯುವೆಲರ್ಸ್ ಸ್ಟ್ರೀಟ್‌ನಲ್ಲಿಯೂ ಪೇಟೆಯ ಗಲ್ಲಿಗಳಲ್ಲಿಯೂ ಉಳಿದಿರುವ ಹಿರಿಯ ಕೆಲಸಗಾರರ ಉಪಕರಣಗಳನ್ನು ಸಂಗ್ರಹಿಸಿ, ಅವುಗಳ ಹೆಸರನ್ನೂ ಬಳಸುವ ಬಗೆಯನ್ನೂ ಅವರ ಬಾಯಿಂದಲೇ ದಾಖಲಿಸಿ, ಈ ಬಿಳಿಯ ಹಲಗೆಗಳ ಪಕ್ಕದಲ್ಲಿ ಇಡಬೇಕು. ಶಾಲೆಯ ಮಕ್ಕಳು ಒಂದು ಕಡೆ ತೂತಿನ ಪಟ್ಟಿಯನ್ನೂ ಇನ್ನೊಂದು ಕಡೆ ಆ ಗೆರೆಯನ್ನೂ ನೋಡಿದರೆ ಅಮೂರ್ತ ಕಲೆಯ ಬಗ್ಗೆ ಬೇರೆ ಭಾಷಣವೇ ಬೇಕಾಗುವುದಿಲ್ಲ. ಉಕ್ಕಿನ ಪಟ್ಟಿಗಳು ಗುಜರಿಗೆ ಹೋಗುವ ಮುನ್ನ, ಅವುಗಳ ಹೆಸರು ಬಲ್ಲವರು ಇರುವಾಗಲೇ ಇದು ಆಗಬೇಕು.